ಸುದ್ದಿಗೆ ದುಡ್ಡು ಯಾರದ್ದು? ದಾವಣಗೆರೆ, ಚಿತ್ರದುರ್ಗದ ಮನೆಗಳಿಗೆ ಚಾನೆಲ್ ಆರಿಸುವ ದಾರಿ

ದಾವಣಗೆರೆಯಲ್ಲಿ ಹೊಸದಾಗಿ ಮನೆ ಮಾಡಿದವರು, ಚಿತ್ರದುರ್ಗದ ಕಡೆ ತೋಟದ ಮನೆಗೆ ಟಿವಿ ತಂದವರು ಕೇಳುವ ಪ್ರಶ್ನೆ ಒಂದೇ. ಕೇಬಲ್ ಹಾಕಿಸೋದಾ, ಡಿಟಿಎಚ್ಚಾ, ಇಲ್ಲಾ ತಿಂಗಳ ರೀಚಾರ್ಜೇ ಇಲ್ಲದ ಡಿಡಿ ಫ್ರೀ ಡಿಶ್ ಸಾಕಾ? ಧಾರಾವಾಹಿ, ಕ್ರಿಕೆಟ್‌ನ ಲೆಕ್ಕ ಬೇರೆ. ಇಲ್ಲಿ ಸುದ್ದಿಯ ಲೆಕ್ಕ ಮಾತ್ರ ನೋಡೋಣ.

ಒಂದು ಕಡೆ ದೂರದರ್ಶನ ಚಂದನ, ಡಿಡಿ ನ್ಯೂಸ್, ಆಕಾಶವಾಣಿ. ಇನ್ನೊಂದು ಕಡೆ ಟಿವಿ9, ಪಬ್ಲಿಕ್ ಟಿವಿ, ಸುವರ್ಣ ನ್ಯೂಸ್, ನ್ಯೂಸ್18 ಥರದ ಖಾಸಗಿ ಚಾನೆಲ್‌ಗಳು. "ಪಕ್ಷಪಾತ ಮಾಡದೇ ಇರೋದು ಯಾವುದು ಹೇಳಿ" ಅಂತ ಕೇಳಿದರೆ ಉತ್ತರ ಸಿಗಲ್ಲ. ಎರಡೂ ಕಡೆಯವರು ಮಾಡುತ್ತಾರೆ. ಮಾಡುವ ರೀತಿ ಮಾತ್ರ ಬೇರೆ, ಯಾಕಂದ್ರೆ ಸಂಬಳ ಬರುವ ಕಡೆ ಬೇರೆ. ಸರ್ಕಾರಿ ಪ್ರಸಾರದ ಪಕ್ಷಪಾತ ಹೆಚ್ಚಾಗಿ ಹೇಳದೆ ಬಿಟ್ಟ ಸುದ್ದಿಯಲ್ಲಿ ಅಡಗಿರುತ್ತದೆ. ಖಾಸಗಿಯವರದ್ದು ಒಂದನ್ನೇ ದಿನವಿಡೀ ಹೇಳುವುದರಲ್ಲಿ ಇರುತ್ತದೆ. ಹಾಗಾಗಿ ಯಾವ ಸುದ್ದಿಗೆ ಯಾರನ್ನು ನಂಬಬಾರದು ಅಂತ ತಿಳಿದುಕೊಂಡು ಆರಿಸುವುದು ವಾಸಿ.

ಸರ್ಕಾರಿ ಅಂದ್ರೆ ಯಾವ ಸರ್ಕಾರ?

ದೂರದರ್ಶನ, ಆಕಾಶವಾಣಿ ಎರಡೂ ಪ್ರಸಾರ ಭಾರತಿಯ ಕೆಳಗಿವೆ. ಅದರ ಕಾಯ್ದೆ ಆಗಿದ್ದು 1990ರಲ್ಲಿ, ಜಾರಿಗೆ ಬಂದಿದ್ದು 1997ರಲ್ಲಿ. ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾದದ್ದೂ ಅದೇ ವರ್ಷ. ಇಬ್ಬರಿಗೂ ಒಂದೇ ವಯಸ್ಸು.

ಕಾಗದದ ಮೇಲೆ ಪ್ರಸಾರ ಭಾರತಿ ಸ್ವಾಯತ್ತ ಸಂಸ್ಥೆ. ಸತ್ಯವನ್ನು, ಯಾರ ಕಡೆಗೂ ವಾಲದೆ ಜನರಿಗೆ ತಿಳಿಸಬೇಕು, ಹಳ್ಳಿ ಮತ್ತು ಕೃಷಿಯ ಕಡೆ ಗಮನ ಕೊಡಬೇಕು ಅಂತ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತದೆ. ಆದರೆ ನೌಕರರ ಸಂಬಳ ನಡೆಯುವುದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಅನುದಾನದಲ್ಲಿ. ಟವರ್, ಸ್ಟುಡಿಯೋ, ಯಂತ್ರಗಳ ದುಡ್ಡೂ ಅಲ್ಲಿಂದಲೇ. 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಇದಕ್ಕಾಗಿ 2,539.61 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸ್ವಂತ ಆದಾಯ ಇಲ್ಲವೇ ಇಲ್ಲ ಅಂತಲ್ಲ. ಜಾಹೀರಾತು ಇದೆ. ಫ್ರೀ ಡಿಶ್‌ನಲ್ಲಿ ಜಾಗ ಬೇಕು ಅನ್ನುವ ಖಾಸಗಿ ಚಾನೆಲ್‌ಗಳಿಗೆ ಸ್ಲಾಟ್ ಹರಾಜು ಹಾಕಿ ದುಡ್ಡು ಮಾಡುತ್ತಾರೆ. ಆ ದುಡ್ಡಿನಲ್ಲಿ ಇಡೀ ಸಂಸ್ಥೆ ನಡೆಯಲ್ಲ, ಅಷ್ಟೆ. ಇದರ ಮೇಲೆ 23ನೇ ಸೆಕ್ಷನ್ ಬೇರೆ ಇದೆ. ಕೆಲವು ಕಾರಣಗಳಿಗೆ "ಇದನ್ನು ಪ್ರಸಾರ ಮಾಡಬೇಡಿ" ಅಂತ ಹೇಳುವ ಅಧಿಕಾರ ಅದರಲ್ಲಿ ಕೇಂದ್ರಕ್ಕಿದೆ.

ನಮ್ಮ ಕಡೆ ಜನ ಚಂದನವನ್ನು ಸುಮ್ನೆ "ಸರ್ಕಾರಿ ಚಾನೆಲ್" ಅನ್ನುತ್ತಾರೆ. ಅದು ವಿಧಾನಸೌಧದ ಸರ್ಕಾರದ್ದಲ್ಲ, ದೆಹಲಿಯ ಸರ್ಕಾರದ್ದು. ಎರಡೂ ಕಡೆ ಒಂದೇ ಪಕ್ಷ ಇದ್ದಾಗ ವ್ಯತ್ಯಾಸ ಕಾಣಲ್ಲ. 2023ರ ಮೇ ತಿಂಗಳಿಂದ ಬೆಂಗಳೂರಲ್ಲಿ ಕಾಂಗ್ರೆಸ್, ದೆಹಲಿಯಲ್ಲಿ ಬಿಜೆಪಿ. ಈಗ ಕಾಣುತ್ತದೆ. ರಾಜ್ಯ ಸರ್ಕಾರಕ್ಕೆ ಚಂದನದ ಸಂಬಳದ ಮೇಲೆ ಹಿಡಿತ ಇಲ್ಲ. ಅದಕ್ಕಿರುವುದು ಜಾಹೀರಾತಿನ ಹಿಡಿತ, ಅದೂ ಖಾಸಗಿಯವರ ಮೇಲೆ. ಅದಕ್ಕೆ ಆಮೇಲೆ ಬರೋಣ.

ಈ ವಿಷಯದಲ್ಲಿ ಯಾವ ಪಕ್ಷವೂ ಸಾಚಾ ಅಲ್ಲ. 1975ರಿಂದ 1977ರವರೆಗಿನ ತುರ್ತು ಪರಿಸ್ಥಿತಿಯಲ್ಲಿ ಆಲ್ ಇಂಡಿಯಾ ರೇಡಿಯೋಗೆ ಜನ "ಆಲ್ ಇಂದಿರಾ ರೇಡಿಯೋ" ಅಂತ ಹೆಸರಿಟ್ಟಿದ್ದರು. ಆಮೇಲೆ ಬಿ.ಜಿ. ವರ್ಗೀಸ್ ಸಮಿತಿ ಕೂತು, ಇದನ್ನು ಸರ್ಕಾರದಿಂದ ಬಿಡಿಸಿ ಅಂತ 1978ರಲ್ಲಿ ವರದಿ ಕೊಟ್ಟಿತು. ಕಾಯ್ದೆ ಜಾರಿಯಾಗಲು ಮತ್ತೆ ಎರಡು ದಶಕ ಬೇಕಾಯಿತು. 2014ರ ವಿಜಯದಶಮಿಗೆ ಆರ್‌ಎಸ್‌ಎಸ್ ಮುಖ್ಯಸ್ಥರ ಭಾಷಣವನ್ನು ದೂರದರ್ಶನ ನೇರಪ್ರಸಾರ ಮಾಡಿತು. 2017ರಲ್ಲಿ ತ್ರಿಪುರಾದ ಆಗಿನ ಮುಖ್ಯಮಂತ್ರಿ ಮಾಣಿಕ್ ಸರ್ಕಾರ್ ಅವರ ಸ್ವಾತಂತ್ರ್ಯ ದಿನದ ಭಾಷಣವನ್ನು ಬದಲಾಯಿಸದೆ ಪ್ರಸಾರ ಮಾಡಲು ಒಪ್ಪಲಿಲ್ಲ. 2024ರ ಲೋಕಸಭಾ ಚುನಾವಣೆ ವೇಳೆ ಸಿಪಿಎಂ ನಾಯಕ ಸೀತಾರಾಂ ಯೆಚೂರಿ ಅವರ ಭಾಷಣದಿಂದ ಕೆಲವು ಪದ ತೆಗೆಸಿದರು. ಅದೇ ಚುನಾವಣೆಯ ನಡುವೆ ಡಿಡಿ ನ್ಯೂಸ್‌ನ ಕೆಂಪು ಲೋಗೋ ಕೇಸರಿಯಾಯಿತು. ಲೋಗೋ ಬಣ್ಣದ ಗಲಾಟೆ ನನಗೆ ಅಷ್ಟು ದೊಡ್ಡದಾಗಿ ಕಾಣಲಿಲ್ಲ. 2023ರಲ್ಲಿ ಪಿಟಿಐ ಸುದ್ದಿ ಸಂಸ್ಥೆಯ ಬದಲು ಆರ್‌ಎಸ್‌ಎಸ್ ನಂಟಿನ ಹಿಂದುಸ್ಥಾನ್ ಸಮಾಚಾರ್ ಸುದ್ದಿ ಸಂಸ್ಥೆ ಜೊತೆ ಒಪ್ಪಂದ ಮಾಡಿಕೊಂಡರಲ್ಲ, ಅದು ದೊಡ್ಡದು. ದಿನದ ಸುದ್ದಿ ಎಲ್ಲಿಂದ ಬರುತ್ತದೆ ಅನ್ನುವುದೇ ಬದಲಾದ ಮೇಲೆ ಲೋಗೋ ಯಾವ ಬಣ್ಣ ಆದರೇನು?

ಬೇರೆ ದೇಶಗಳಲ್ಲಿ ಇದಕ್ಕೆ ಬೇರೆ ದಾರಿ ಹುಡುಕಿದ್ದಾರೆ. ಬ್ರಿಟನ್‌ನಲ್ಲಿ ಬಿಬಿಸಿಗಾಗಿ ಟಿವಿ ಇರುವ ಮನೆಯವರು ಲೈಸೆನ್ಸ್ ಶುಲ್ಕ ಕಟ್ಟುತ್ತಾರೆ. 2025ರ ಏಪ್ರಿಲ್‌ನಲ್ಲಿ ಅದು ವರ್ಷಕ್ಕೆ 174.50 ಪೌಂಡ್ ಆಗಿತ್ತು. ದುಡ್ಡು ಜನರಿಂದ ಬಂದರೆ ಮಂತ್ರಿಯ ಕೈ ಸ್ವಲ್ಪ ದೂರ ಇರುತ್ತದೆ, ಪೂರ್ತಿ ದೂರ ಅಲ್ಲ. ಶುಲ್ಕ ಎಷ್ಟು ಅಂತ ನಿಗದಿ ಮಾಡುವುದು ಅಲ್ಲೂ ಸರ್ಕಾರವೇ. ನಮ್ಮಲ್ಲೂ ರೇಡಿಯೋ ಲೈಸೆನ್ಸ್ ಇತ್ತು, ಹಿರಿಯರಿಗೆ ನೆನಪಿರಬೇಕು. ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಬೇಕಿತ್ತು. 1980ರ ದಶಕದಲ್ಲಿ ಅದನ್ನು ತೆಗೆದರು. ಜೇಬಿಗೆ ಹಗುರ ಆಯಿತು ನಿಜ, "ನನ್ನ ದುಡ್ಡು, ಲೆಕ್ಕ ಕೊಡಿ" ಅಂತ ಕೇಳುವ ನೇರ ಹಕ್ಕೂ ಅದರ ಜೊತೆ ಹೋಯಿತು. ಅಮೆರಿಕದಲ್ಲಂತೂ 2025ರ ಜುಲೈನಲ್ಲಿ ಅಲ್ಲಿನ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆ ಮೀಸಲಿಟ್ಟಿದ್ದ ಸುಮಾರು 110 ಕೋಟಿ ಡಾಲರನ್ನೇ ವಾಪಸ್ ಪಡೆಯಿತು. ಬಜೆಟ್‌ನಿಂದ ಬರುವ ದುಡ್ಡಿಗೆ ಈ ಅಪಾಯ ಎಲ್ಲಾ ಕಡೆಯೂ ಇದೆ.

ಖಾಸಗಿಯವರ ಅನ್ನ ಎಲ್ಲಿಂದ?

ಕೇಬಲ್‌ನವರಿಗೆ ನಾವು ತಿಂಗಳು ತಿಂಗಳು ಕಟ್ಟುವ ದುಡ್ಡಿನಲ್ಲಿ ಸುದ್ದಿ ಚಾನೆಲ್‌ಗೆ ಹೋಗುವುದು ಬಹಳ ಕಮ್ಮಿ. ಸುದ್ದಿ ಚಾನೆಲ್‌ಗಳಲ್ಲಿ ಎಷ್ಟೋ ಪುಕ್ಕಟೆ, ಉಳಿದವು ಚಿಲ್ಲರೆ ಕಾಸಿನವು. ಉಲ್ಟಾ ಲೆಕ್ಕವೂ ಇದೆ. ತಮ್ಮ ಚಾನೆಲ್ ತೋರಿಸಿ ಅಂತ ಕೇಬಲ್ ಕಂಪನಿಗೆ ಚಾನೆಲ್‌ನವರೇ ಕ್ಯಾರೇಜ್ ಫೀ ಕೊಡುತ್ತಾರೆ. ಸೆಟ್‌ಟಾಪ್ ಬಾಕ್ಸ್ ಆನ್ ಮಾಡಿದ ಕೂಡಲೇ ನೀವು ಒತ್ತದೇ ಇದ್ದರೂ ಒಂದು ಚಾನೆಲ್ ಬರುತ್ತದಲ್ಲ, ಅದಕ್ಕೆ ಲ್ಯಾಂಡಿಂಗ್ ಪೇಜ್ ಅನ್ನುತ್ತಾರೆ. ಆ ಜಾಗವೂ ಮಾರಾಟಕ್ಕಿದೆ. "ನಮ್ಮೂರಲ್ಲಿ ಎಲ್ಲರ ಮನೆಯಲ್ಲೂ ಅದೇ ಚಾನೆಲ್ ಹಾಕಿರ್ತಾರೆ" ಅನ್ನುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಅವರ ನಿಜವಾದ ಆದಾಯ ಜಾಹೀರಾತು. ನಿಯಮದ ಪ್ರಕಾರ ಗಂಟೆಗೆ 12 ನಿಮಿಷ ಮಾತ್ರ: 10 ನಿಮಿಷ ಜಾಹೀರಾತು, 2 ನಿಮಿಷ ಸ್ವಂತ ಪ್ರಚಾರ. ಒಂದು ಸಂಜೆ ಗಡಿಯಾರ ಇಟ್ಟುಕೊಂಡು ನೋಡಿ, ಎಷ್ಟು ಪಾಲಿಸುತ್ತಾರೆ ಅಂತ ನಿಮಗೇ ಗೊತ್ತಾಗುತ್ತದೆ. ಜಾಹೀರಾತಿನ ರೇಟು ನಿಂತಿರುವುದು ಟಿಆರ್‌ಪಿ ಮೇಲೆ, ಅಂದ್ರೆ ಯಾವ ಚಾನೆಲ್ ಎಷ್ಟು ಜನ ನೋಡುತ್ತಾರೆ ಅನ್ನುವ ಲೆಕ್ಕದ ಮೇಲೆ. ಬಾರ್ಕ್ ಅನ್ನುವ ಸಂಸ್ಥೆ ಇಡೀ ದೇಶದಲ್ಲಿ 50 ಸಾವಿರ ಚಿಲ್ಲರೆ ಮನೆಗಳಲ್ಲಿ ಮೀಟರ್ ಇಟ್ಟಿದೆ. ಯಾರ ಮನೆಯಲ್ಲಿ ಅನ್ನುವುದು ಗುಟ್ಟು. ಆ ಗುಟ್ಟು ಹೊರಬಿದ್ದು, ಮೀಟರ್ ಇದ್ದ ಮನೆಯವರಿಗೆ ದುಡ್ಡು ಕೊಟ್ಟು ಚಾನೆಲ್ ಹಾಕಿಸಿದ್ದಾರೆ ಅಂತ 2020ರ ಅಕ್ಟೋಬರ್‌ನಲ್ಲಿ ಮುಂಬೈ ಪೊಲೀಸರು ಕೇಸು ಮಾಡಿದರು. ಸುದ್ದಿ ಚಾನೆಲ್‌ಗಳ ರೇಟಿಂಗ್ ನಿಂತೇ ಹೋಯಿತು. ಮತ್ತೆ ಶುರುವಾಗಿದ್ದು 2022ರ ಮಾರ್ಚ್‌ನಲ್ಲಿ.

ಇಷ್ಟು ಕಮ್ಮಿ ಮೀಟರ್‌ನಿಂದ ರೇಟು ನಿರ್ಧಾರ ಆಗುವಾಗ ಜಗಳೂರಿನ ಬರ, ಚನ್ನಗಿರಿಯ ಅಡಿಕೆ ರೋಗ ಎಲ್ಲಿ ನಿಲ್ಲುತ್ತವೆ? ಜಾಹೀರಾತು ಕೊಡುವವರಿಗೆ ಬೇಕಾದ ಗಿರಾಕಿಗಳು ಬೆಂಗಳೂರಲ್ಲಿ ಜಾಸ್ತಿ. ನಮ್ಮ ಎರಡು ಜಿಲ್ಲೆ ರಾಜ್ಯದ ಪರದೆಗೆ ಬರಬೇಕಾದರೆ ಕೊಲೆ ಆಗಬೇಕು, ಮಠದಲ್ಲಿ ಏನಾದರೂ ಆಗಬೇಕು, ಇಲ್ಲವೇ ಮೊಬೈಲ್ ವಿಡಿಯೋ ಓಡಬೇಕು. 2024ರ ಜೂನ್‌ನಲ್ಲಿ ನಟ ದರ್ಶನ್ ಬಂಧನವಾದ ಕೊಲೆ ಪ್ರಕರಣ ನೆನಪಿಸಿಕೊಳ್ಳಿ. ಕೊಲೆಯಾದವರು ಚಿತ್ರದುರ್ಗದವರು. ವಾರಗಟ್ಟಲೆ ಕ್ಯಾಮೆರಾಗಳು ಅವರ ಮನೆ ಬಾಗಿಲಲ್ಲಿ. ಕೊನೆಗೆ ಚಾರ್ಜ್‌ಶೀಟ್‌ನ ವಿವರ ಬಿತ್ತರಿಸಬೇಡಿ ಅಂತ ಸೆಪ್ಟೆಂಬರ್‌ನಲ್ಲಿ ಹೈಕೋರ್ಟೇ ಹೇಳಬೇಕಾಯಿತು. ಹಾಗಂತ ಆ ಪ್ರಕರಣದಲ್ಲಿ ಖಾಸಗಿಯವರು ಮಾಡಿದ್ದೆಲ್ಲ ತಪ್ಪು ಅನ್ನಲ್ಲ. ದೊಡ್ಡ ಹೆಸರಿನ ಆರೋಪಿ ಇದ್ದಾಗ ಗದ್ದಲವೇ ಒಂದು ಕಾವಲು. ಸುದ್ದಿ ಮುಚ್ಚಿಹೋಗಲಿಲ್ಲ. ಇದನ್ನು ಚಂದನದ ಸಂಜೆಯ ವಾರ್ತೆಯಿಂದ ನಿರೀಕ್ಷೆ ಮಾಡೋಕಾಗಲ್ಲ.

ಇನ್ನು ಮಾಲೀಕರು. ನ್ಯೂಸ್18 ಗುಂಪು 2014ರಲ್ಲಿ ರಿಲಯನ್ಸ್ ಕೈಗೆ ಬಂತು. ಎನ್‌ಡಿಟಿವಿ 2022ರಲ್ಲಿ ಅದಾನಿ ಗುಂಪಿಗೆ ಹೋಯಿತು. ಸುವರ್ಣ ನ್ಯೂಸ್ ಹಿಂದಿರುವ ಜುಪಿಟರ್ ಕ್ಯಾಪಿಟಲ್ ಕಟ್ಟಿದವರು ರಾಜೀವ್ ಚಂದ್ರಶೇಖರ್, ಬಿಜೆಪಿಯಿಂದ ಕೇಂದ್ರ ಸಚಿವರಾಗಿದ್ದವರು. ಕಸ್ತೂರಿ ಚಾನೆಲ್ ಶುರು ಮಾಡಿದ್ದು ಎಚ್.ಡಿ. ಕುಮಾರಸ್ವಾಮಿ ಅವರ ಕುಟುಂಬ. ಪಬ್ಲಿಕ್ ಟಿವಿ ಕಟ್ಟಿದವರು ಪತ್ರಕರ್ತ ಎಚ್.ಆರ್. ರಂಗನಾಥ್. ಮಾಲೀಕ ರಾಜಕಾರಣಿ ಆದ ಮಾತ್ರಕ್ಕೆ ಸುದ್ದಿ ಸುಳ್ಳಾಗಲ್ಲ, ಪತ್ರಕರ್ತ ಆದ ಮಾತ್ರಕ್ಕೆ ಜಾಹೀರಾತಿನ ಹಂಗು ತಪ್ಪಲ್ಲ. ಆದರೆ ಮಾಲೀಕರ ವ್ಯಾಪಾರ, ಪಕ್ಷ ಯಾವುದು ಅಂತ ಗೊತ್ತಿದ್ದರೆ ಯಾವ ಸುದ್ದಿಯಲ್ಲಿ ಕಿವಿ ನಿಮಿರಿಸಬೇಕು ಅಂತ ತಿಳಿಯುತ್ತದೆ.

ಸರ್ಕಾರದ ಹಿಡಿತ ಖಾಸಗಿಯವರ ಮೇಲೂ ಇದೆ, ಅದು ಕಣ್ಣಿಗೆ ಕಾಣಲ್ಲ. ಒಂದು, ಜಾಹೀರಾತು. ಗ್ಯಾರಂಟಿ ಯೋಜನೆಗಳ ಜಾಹೀರಾತು ರಾಜ್ಯದ ವಾರ್ತಾ ಇಲಾಖೆಯಿಂದ, ಕೇಂದ್ರದ್ದು ಸೆಂಟ್ರಲ್ ಬ್ಯೂರೋ ಆಫ್ ಕಮ್ಯುನಿಕೇಷನ್‌ನಿಂದ. ಯಾರಿಗೆ ಎಷ್ಟು ಅನ್ನುವುದರಲ್ಲಿ ಬಹಳ ಮಾತು ಅಡಗಿದೆ. ಎರಡು, ಪರವಾನಗಿ. ಮಲಯಾಳಂನ ಮೀಡಿಯಾ ಒನ್ ಚಾನೆಲ್‌ನ ಪರವಾನಗಿಯನ್ನು 2022ರಲ್ಲಿ ಕೇಂದ್ರ ನವೀಕರಿಸಲಿಲ್ಲ. ಚಾನೆಲ್ ಬಂದ್ ಆಗುವ ಹಂತಕ್ಕೆ ಬಂತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. ಗೆದ್ದಿದ್ದು ನಿಜ. ಆದರೆ ಉಳಿದ ಮಾಲೀಕರು ಅದನ್ನು ನೋಡುತ್ತಾ ಕೂತಿದ್ದರು, ಅಲ್ವಾ?

ಜಿಲ್ಲಾ ಮಟ್ಟಕ್ಕೆ ಬಂದರೆ ಲೆಕ್ಕ ಇನ್ನೂ ಚಿಕ್ಕದು. ಸುದ್ದಿಯ ಜೊತೆ ಜಾಹೀರಾತು ತರುವ ಹೊರೆಯನ್ನೂ ವರದಿಗಾರರ ತಲೆಗೆ ಕಟ್ಟುವ ಸಂಸ್ಥೆಗಳಿವೆ. ದೀಪಾವಳಿ ಶುಭಾಶಯಕ್ಕೆ ಒಬ್ಬ ಮುಖಂಡರಿಂದ ಜಾಹೀರಾತು ತಂದವರು ಮರುವಾರ ಅವರ ಕ್ರಷರ್ ಲೈಸೆನ್ಸ್ ಬಗ್ಗೆ ಕೇಳುವುದು ಹೇಗೆ? ವರದಿಗಾರರನ್ನು ಬೈದು ಪ್ರಯೋಜನ ಇಲ್ಲ. ದೂರದರ್ಶನ, ಆಕಾಶವಾಣಿಯ ಜಿಲ್ಲಾ ವರದಿಗಾರರೂ ಬಹುಪಾಲು ಅರೆಕಾಲಿಕರೇ.

ಭದ್ರಾ ಮೇಲ್ದಂಡೆಯಲ್ಲಿ ತೂಗಿ ನೋಡಿ

ನಮ್ಮ ಕಡೆಯವರಿಗೆ ಚಾನೆಲ್ ಪರೀಕ್ಷೆ ಮಾಡಲು ಇದಕ್ಕಿಂತ ಒಳ್ಳೆ ವಿಷಯ ಇಲ್ಲ. ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳ 2.25 ಲಕ್ಷ ಹೆಕ್ಟೇರ್‌ಗೆ ನೀರು ಕೊಡಬೇಕಾದ ಯೋಜನೆ. 2023ರ ಫೆಬ್ರವರಿ 1ರ ಬಜೆಟ್‌ನಲ್ಲಿ ಕೇಂದ್ರ 5,300 ಕೋಟಿ ಘೋಷಿಸಿತು. ಆ ದಿನ ಎಲ್ಲಾ ಚಾನೆಲ್‌ನಲ್ಲೂ ಅದೇ ಸುದ್ದಿ. ಆಮೇಲೆ ದುಡ್ಡು ಬಂದಿಲ್ಲ ಅಂತ ರಾಜ್ಯ, ಆಗಬೇಕಾದ ಕೆಲಸ ರಾಜ್ಯ ಮಾಡಿಲ್ಲ ಅಂತ ಕೇಂದ್ರದ ಕಡೆಯವರು ಜಗಳ ಆಡುತ್ತಲೇ ಇದ್ದಾರೆ.

ಈಗ ಗಮನಿಸಿ. ಘೋಷಣೆಯ ದಿನ ಯಾರು ಹೇಳಿದರು ಅನ್ನುವುದು ಮುಖ್ಯ ಅಲ್ಲ. ಆರು ತಿಂಗಳು ಬಿಟ್ಟು "ದುಡ್ಡು ಬಂತಾ?" ಅಂತ ಕೇಳಿದವರು ಯಾರು? ದೆಹಲಿಯ ಅನುದಾನದಲ್ಲಿ ನಡೆಯುವ ಚಾನೆಲ್ ದೆಹಲಿಯನ್ನು ಈ ಪ್ರಶ್ನೆ ಕೇಳುವುದು ಕಷ್ಟ. "ರಾಜ್ಯ ತನ್ನ ಪಾಲು ಎಷ್ಟು ಖರ್ಚು ಮಾಡಿತು?" ಅಂತ ಕೇಳುವುದು ರಾಜ್ಯದ ಜಾಹೀರಾತು ಪಡೆಯುವ ಚಾನೆಲ್‌ಗೆ ಕಷ್ಟ. ಎರಡನ್ನೂ ಕೇಳಿದವರು ಸಿಕ್ಕರೆ ಅವರನ್ನು ಬಿಡಬೇಡಿ. ಚಂದನದಲ್ಲಿ ಇಂಥ ಸುದ್ದಿ ಬಂದಾಗ ಯಾರ ಬೈಟ್, ಅಂದ್ರೆ ಯಾರ ಮಾತಿನ ತುಣುಕು ಹಾಕಿದ್ದಾರೆ ನೋಡಿ. ಸಚಿವರು, ಅಧಿಕಾರಿ, ಫಲಾನುಭವಿ, ಮುಗೀತು ಅಂದ್ರೆ ಅದು ಪ್ರಕಟಣೆ. ಖಾಸಗಿಯಲ್ಲಿ ಬಂದಾಗ ಯೋಜನೆಯ ಬಗ್ಗೆ ಎಷ್ಟು ಹೊತ್ತು, ಇಬ್ಬರು ನಾಯಕರ ಬೈದಾಟಕ್ಕೆ ಎಷ್ಟು ಹೊತ್ತು ಅಂತ ಲೆಕ್ಕ ಹಾಕಿ.

ಇದರಲ್ಲಿ ಇನ್ನೊಂದು ಮಡಿಕೆ ಇದೆ. 2025ರ ಜೂನ್‌ನಲ್ಲಿ ಭದ್ರಾ ಬಲದಂಡೆ ನಾಲೆ ಸೀಳಿ ಕುಡಿಯುವ ನೀರು ಒಯ್ಯುವ ಕಾಮಗಾರಿ ವಿರುದ್ಧ ದಾವಣಗೆರೆ ರೈತರು ಬೀದಿಗಿಳಿದರು. ನಾಲೆಯ ಕೊನೆ ಭಾಗದ ಭತ್ತದ ಗದ್ದೆಯವರಿಗೆ ಅದು ಹೊಟ್ಟೆಯ ಪ್ರಶ್ನೆ. ಹೊಸದುರ್ಗದ ಕಡೆಯವರಿಗೆ ಅದೇ ನೀರು ಕುಡಿಯುವ ಪ್ರಶ್ನೆ. ಇಲ್ಲಿ ಪಕ್ಷವೂ ಅಲ್ಲ, ಟಿಆರ್‌ಪಿಯೂ ಅಲ್ಲ, ಊರೇ ಪಕ್ಷಪಾತ. ದಾವಣಗೆರೆಯ ಜನತಾವಾಣಿ ಥರದ ಸ್ಥಳೀಯ ಪತ್ರಿಕೆಗಳಲ್ಲಿ ನಾಲೆ ನೀರಿನ ಸುದ್ದಿಗೆ ಯಾವ ಟಿವಿಯಲ್ಲೂ ಸಿಗದಷ್ಟು ಜಾಗ ಸಿಗುತ್ತದೆ. ಆದರೆ ಓದುಗರು ಇಲ್ಲಿಯವರು ಅನ್ನುವುದು ನೆನಪಿರಲಿ. ನೀರಿನ ಜಗಳದಲ್ಲಿ ಆ ಕಡೆಯ ಜಿಲ್ಲೆಯ ಒಂದು ಪತ್ರಿಕೆಯನ್ನೂ ನೋಡಬೇಕು.

ಯಾವ ಸುದ್ದಿಗೆ ಯಾವುದು?

ಮಳೆ, ಜಲಾಶಯದ ಮಟ್ಟ, ಬೆಳೆ ವಿಮೆಯ ಕೊನೆ ದಿನಾಂಕ, ನೇಮಕಾತಿ, ಪರೀಕ್ಷೆ: ಕಣ್ಣು ಮುಚ್ಚಿ ಆಕಾಶವಾಣಿ. ಚಿತ್ರದುರ್ಗದಲ್ಲೇ ಕೇಂದ್ರ ಇರುವುದು ನಮ್ಮ ಭಾಗ್ಯ. ಪ್ರದೇಶ ಸಮಾಚಾರದಲ್ಲಿ ಕಿರುಚಾಟ ಇಲ್ಲ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ರೇಡಿಯೋದಲ್ಲಿ ಬೇರೆ ಆಯ್ಕೆಯೂ ಇಲ್ಲ ಅನ್ನಿ. ಖಾಸಗಿ ಎಫ್‌ಎಂನವರು ಸ್ವಂತ ಸುದ್ದಿ ಓದುವಂತಿಲ್ಲ. ಬೇಕಾದರೆ ಆಕಾಶವಾಣಿಯ ವಾರ್ತೆಯನ್ನೇ ಇದ್ದ ಹಾಗೆ ಹಾಕಬಹುದು. ಗಾಳಿಯ ತರಂಗ ಜನರ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ರೇಡಿಯೋ ಸುದ್ದಿಯ ಮಟ್ಟಿಗೆ ಅದು ಇನ್ನೂ ಸರ್ಕಾರದ ಆಸ್ತಿಯೇ.

ಯುದ್ಧ, ಗಲಭೆ, ಪ್ರವಾಹ: ಮೊದಲ ದಿನ ಖಾಸಗಿ ಚಾನೆಲ್ ಬೇಡವೇ ಬೇಡ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಸಂಘರ್ಷ ನಡೆದಾಗ ಕರಾಚಿ ಬಂದರೇ ನಾಶ ಆಯ್ತು ಅಂತ ದೇಶದ ದೊಡ್ಡ ದೊಡ್ಡ ಚಾನೆಲ್‌ಗಳು ಹೇಳಿದವು. ಅದು ಸುಳ್ಳು. ವಾಯುದಾಳಿಯ ಸೈರನ್ ಸದ್ದನ್ನು ಕಾರ್ಯಕ್ರಮದಲ್ಲಿ ಬಳಸಬೇಡಿ ಅಂತ ಸರ್ಕಾರವೇ ಸೂಚನೆ ಕೊಡಬೇಕಾಯಿತು. ನಿಜವಾದ ಸೈರನ್ ಕೂಗಿದಾಗ ಜನ ಟಿವಿ ಸದ್ದು ಅಂದುಕೊಂಡರೆ ಗತಿ ಏನು? ಡಿಡಿ ನ್ಯೂಸ್ ಅಂಥ ಹೊತ್ತಲ್ಲಿ ಅಧಿಕೃತ ಮಾತನ್ನಷ್ಟೇ ಹೇಳುತ್ತದೆ. ಪೂರ್ತಿ ಸತ್ಯ ಸಿಗಲ್ಲ, ಆದರೆ ಸುಳ್ಳಿಗೆ ಹೆದರಿ ರಾತ್ರಿ ನಿದ್ದೆಗೆಡುವುದು ತಪ್ಪುತ್ತದೆ.

ಹಗರಣ, ಪೊಲೀಸ್ ದೌರ್ಜನ್ಯ, ಆಸ್ಪತ್ರೆಯ ನಿರ್ಲಕ್ಷ್ಯ: ಇಲ್ಲಿ ಖಾಸಗಿಯವರಿಲ್ಲದೆ ಆಗಲ್ಲ. ಕೇಂದ್ರದ ಹಗರಣಕ್ಕೆ ಡಿಡಿ ಕಾಯಬೇಡಿ. ರಾಜ್ಯದ್ದಾದರೆ ಕನಿಷ್ಠ ಇಬ್ಬರು ಬೇರೆ ಬೇರೆ ಮಾಲೀಕರ ಚಾನೆಲ್ ನೋಡಿ.

ಚುನಾವಣೆ: 1998ರಿಂದ ಮಾನ್ಯತೆ ಪಡೆದ ಪಕ್ಷಗಳಿಗೆ ದೂರದರ್ಶನ, ಆಕಾಶವಾಣಿಯಲ್ಲಿ ಉಚಿತ ಸಮಯ ಸಿಗುತ್ತಿದೆ. ಹಿಂದಿನ ಚುನಾವಣೆಯ ಸಾಧನೆ ನೋಡಿ ಹಂಚುತ್ತಾರೆ. ಸಪ್ಪೆ ಭಾಷಣಗಳೇ, ಒಪ್ಪುತ್ತೇನೆ. ಆದರೆ ದುಡ್ಡಿಲ್ಲದ ಪಕ್ಷದ ಮಾತು ಟಿವಿಯಲ್ಲಿ ಕೇಳುವುದು ಅಲ್ಲಿ ಮಾತ್ರ. ಖಾಸಗಿಯಲ್ಲಿ ಒಬ್ಬ ಅಭ್ಯರ್ಥಿಯ ಬಗ್ಗೆ ಬರೀ ಹೊಗಳಿಕೆಯ ಅರ್ಧ ಗಂಟೆ ಬಂದರೆ ಅದು ಕಾಸಿಗಾಗಿ ಸುದ್ದಿ ಇರಬಹುದು. ಅದನ್ನು ನೋಡಿಕೊಳ್ಳಲು ಪ್ರತಿ ಜಿಲ್ಲೆಯಲ್ಲೂ ಎಂಸಿಎಂಸಿ ಅನ್ನುವ ಮಾಧ್ಯಮ ನಿಗಾ ಸಮಿತಿ ಇರುತ್ತದೆ. ಜಿಲ್ಲಾ ಚುನಾವಣಾಧಿಕಾರಿ ಕಚೇರಿಗೆ ದೂರು ಕೊಡಬಹುದು.

ಊರ ಕೇಬಲ್ ಚಾನೆಲ್, ಯೂಟ್ಯೂಬ್ ಸುದ್ದಿಯವರು: ವಾರ್ಡಿನ ನೀರು, ರಸ್ತೆ ಗುಂಡಿಗೆ ಇವರೇ ಬೇಗ. ಉಳಿದದ್ದಕ್ಕೆ ಬೇಡ.

ದೂರು ಎಲ್ಲಿ, ಲೆಕ್ಕ ಎಲ್ಲಿ?

ತಪ್ಪು ಮಾಡಿದಾಗ ಯಾರನ್ನು ಹಿಡಿದು ಕೇಳಬಹುದು ಅನ್ನುವುದೂ ಆಯ್ಕೆಯ ಭಾಗವೇ. ಇದನ್ನು ಯಾರೂ ಯೋಚಿಸಲ್ಲ. ಪ್ರಸಾರ ಭಾರತಿ ಮಾಹಿತಿ ಹಕ್ಕಿನ ಅಡಿ ಬರುತ್ತದೆ. 10 ರೂಪಾಯಿ ಕಟ್ಟಿ ಪ್ರಶ್ನೆ ಹಾಕಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ಖಾಸಗಿ ಚಾನೆಲ್‌ಗೆ ಆರ್‌ಟಿಐ ಅನ್ವಯ ಆಗಲ್ಲ. ಆದರೆ ಒಂದು ಹಿಂಬಾಗಿಲು ಇದೆ. "ಈ ವರ್ಷ ಯಾವ ಚಾನೆಲ್‌ಗೆ ಎಷ್ಟು ಜಾಹೀರಾತು ಕೊಟ್ಟಿರಿ?" ಅಂತ ರಾಜ್ಯದ ವಾರ್ತಾ ಇಲಾಖೆಯನ್ನು ಕೇಳಿ. ಆ ಪಟ್ಟಿ ಕೈಗೆ ಬಂದರೆ ಎಷ್ಟೋ ಚರ್ಚೆಗಳ ಗುಟ್ಟು ಬಯಲಾಗುತ್ತದೆ.

ಖಾಸಗಿ ಚಾನೆಲ್‌ನ ಸುದ್ದಿ ಸುಳ್ಳು ಅಥವಾ ಅನ್ಯಾಯ ಅನಿಸಿದರೆ ಮೊದಲು ಚಾನೆಲ್‌ಗೇ ಬರೆಯಬೇಕು. 2021ರ ನಿಯಮದ ಪ್ರಕಾರ 24 ಗಂಟೆಯಲ್ಲಿ ದೂರು ಬಂತು ಅಂತ ಹೇಳಬೇಕು, 15 ದಿನದಲ್ಲಿ ತೀರ್ಮಾನ ತಿಳಿಸಬೇಕು. ಒಪ್ಪಿಗೆ ಆಗದಿದ್ದರೆ ಅವರು ಸೇರಿರುವ ಸ್ವಯಂ ನಿಯಂತ್ರಣ ಸಂಸ್ಥೆಗೆ ಹೋಗಬಹುದು. ಎನ್‌ಬಿಡಿಎಸ್‌ಎ ಅಂಥದ್ದೊಂದು. ಅಲ್ಲಿಗೆ ಹೋಗುವ ಯೋಚನೆ ಇದ್ದರೆ ಸುದ್ದಿ ಬಂದ 7 ದಿನದೊಳಗೇ ಚಾನೆಲ್‌ಗೆ ದೂರು ಕೊಟ್ಟಿರಬೇಕು. ದಂಡ ಹೆಚ್ಚೆಂದರೆ 1 ಲಕ್ಷ ರೂಪಾಯಿ. ಅದು ಯಾವ ಮೂಲೆಗೆ ಅನ್ನುವ ಅರ್ಥದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟೇ ಕೇಳಿತ್ತು. ಆದರೂ ಕ್ಷಮೆ ಹೇಳಿಸಿದ, ವಿಡಿಯೋ ತೆಗೆಸಿದ ಉದಾಹರಣೆಗಳಿವೆ. ದಿನಾಂಕ, ಗಂಟೆ ಬರೆದಿಟ್ಟುಕೊಳ್ಳಿ, ಕ್ಲಿಪ್ ಉಳಿಸಿಕೊಳ್ಳಿ. ಇಲ್ಲದಿದ್ದರೆ ದೂರು ನಿಲ್ಲಲ್ಲ.

ಈಗ ಮೊದಲಿನ ಪ್ರಶ್ನೆ, ಏನು ಹಾಕಿಸೋದು? ತೋಟದ ಮನೆಗೆ, ವಯಸ್ಸಾದವರು ಮಾತ್ರ ಇರುವ ಮನೆಗೆ ಫ್ರೀ ಡಿಶ್, ಒಂದು ರೇಡಿಯೋ, ಮನೆಗೊಂದು ಪತ್ರಿಕೆ. ಡಿಶ್, ಬಾಕ್ಸ್ ಸೇರಿ ಒಂದೇ ಸಲದ ಖರ್ಚು. ಪಟ್ಟಣದಲ್ಲಿ ಕೇಬಲ್ ಇದ್ದೇ ಇರುತ್ತದೆ. ಹಾಗಿದ್ದರೆ ಎರಡು ಖಾಸಗಿ ಸುದ್ದಿ ಚಾನೆಲ್ ಸಾಕು, ಮಾಲೀಕರು ಬೇರೆ ಬೇರೆ ಇರಲಿ. ಚಂದನವನ್ನು ಫೇವರಿಟ್ ಪಟ್ಟಿಗೆ ಹಾಕಿಡಿ, ಇಲ್ಲದಿದ್ದರೆ ರಿಮೋಟ್‌ನಲ್ಲಿ ಹುಡುಕುವಷ್ಟರಲ್ಲಿ ವಾರ್ತೆ ಮುಗಿದಿರುತ್ತದೆ. ಫ್ರೀ ಡಿಶ್‌ನಲ್ಲಿ ಯಾವ ಕನ್ನಡ ಖಾಸಗಿ ಚಾನೆಲ್ ಬರುತ್ತದೆ ಅನ್ನುವುದು ಹರಾಜಿನ ಮೇಲೆ ಬದಲಾಗುತ್ತಿರುತ್ತದೆ. ಅಂಗಡಿಯಲ್ಲೇ ಕೇಳಿ. ಬಾಕ್ಸ್ ಕೊಳ್ಳುವಾಗ ಎಂಪೆಗ್-4 ಕೇಳಿ ತಗೊಳ್ಳಿ, ಹಳೇ ಎಂಪೆಗ್-2 ಬಾಕ್ಸ್‌ನಲ್ಲಿ ಪಟ್ಟಿಯ ಎಲ್ಲಾ ಚಾನೆಲ್ ಬರಲ್ಲ.